ಪಿಳೇಗಿಗೆ ಮುಂಚಿನ ನಕ್ಷೆ

ನೋಡಿ ಸ್ವಾಮಿ, ಪ್ರೀತಿಗೋಸ್ಕರ ಬೇರೆಯೋರು ಏನೇನೋ ಮಾಡಿರಬೌದು. ಬಾವಿಗೆ ಹಾರಿರಬೌದು, ಕಾಲು ಮುರ್ಕೊಂಡಿರಬೌದು. ನಾನು ಒಂದು ಊರನ್ನೇ ಹುಡುಕಿದೀನಿ! ನಾನು ಹುಡುಕೋ ಹೊತ್ತಿಗೆ ಮಣ್ಣಾಗಿ ಐವತ್ತೆಂಟು ವರ್ಷ ಆಗಿದ್ದ ಊರು. ಗುದ್ದಲಿ ಇಲ್ಲ, ಅಂಜನ ಇಲ್ಲ. ಒಂದು ಹಳೇ ನಕ್ಷೆ, ಈ ಬೆರಳು... ಟಕ್!

ದೇವರಾಜು ಅಂದ್ರೆ ಸುಮ್ನೆ ಅಲ್ಲ ಕಣ್ರೀ.

ಕತೆ ಶುರುವಾಗಿದ್ದು ಸರಗೂರಿನ ಪಕ್ಕ, ಒಂದು ಹುರುಳಿ ಹೊಲದಲ್ಲಿ. ಐವತ್ತಾರನೇ ಇಸವಿ. ಸರ್ವೆ ಪಾರ್ಟೀಲಿ ನಕ್ಷೆ ನಕಲು ತೆಗೆಯೋ ಕೆಲಸಕ್ಕೆ ನಾನು ಸೇರಿ ಎರಡು ತಿಂಗಳಾಗಿತ್ತು. ಅವತ್ತು ಬಾವುಟದ ಆಳು ಬಂದಿರ್ಲಿಲ್ಲ. ನಾನೇ ಕೆಂಪು ಬಾವುಟ ಹೊತ್ಕೊಂಡು ಹೋಗಿ ಹೊಲದ ಮಧ್ಯ ನೆಟ್ಟೆ. ಬೆವರು ಒರೆಸ್ಕೊಂಡು ತಿರುಗೋದ್ರಲ್ಲಿ ಬಾವುಟ ಮಾಯ!

ಒಬ್ಬ ಹುಡುಗಿ ಅದನ್ನ ಕಿತ್ತು, ದೊಣ್ಣೆ ಹಿಡಿದಂಗೆ ಹಿಡ್ಕೊಂಡು ನಿಂತಿದ್ಲು.

"ಯಾರಯ್ಯಾ ನೀನು? ನಮ್ಮೊಲದಲ್ಲಿ ಬಾವುಟ ನೆಡಕ್ಕೆ ಇದೇನು ನಿಮ್ಮಪ್ಪನ ಆಸ್ತಿಯಾ?"

ಆ ಕಣ್ಣು... ಅಯ್ಯೋ, ಆ ಕಣ್ಣು! ಟೆಂಟ್ ಸಿನಿಮಾದಲ್ಲಿ ನಾನು ಕಲ್ತಿದ್ದೆಲ್ಲಾ ಒಂದೇ ಸಲ ಗಂಟಲಿಗೆ ಬಂತು. ಎದೆ ಮೇಲೆ ಕೈ ಇಟ್ಟೆ.

"ಎಲೈ ತರುಣೀಮಣಿ! ನಿನ್ನ ಭೂಮಿಯನ್ನು ಗೆಲ್ಲಲು ಬಂದ ವೀರನಲ್ಲ ನಾನು. ನಿನ್ನ ಮುಂದೆ ಸೋತು ನಿಂತವನು!"

"ಥೂ! ಯಾವ ನಾಟಕ ಕಂಪನಿಯಿಂದ ಓಡಿ ಬಂದೆ?"

"ಸರ್ವೆ ಪಾರ್ಟಿಯಿಂದ. ನಿಮ್ಮೊಲ ಎಲ್ಲಿಗೂ ಹೋಗಲ್ಲ. ಕಾಗದದ ಮೇಲೆ ಬರ್ಕೊಳ್ತೀವಿ, ಅಷ್ಟೇಯ."

"ನಮ್ಮೊಲ ನಿನ್ನ ಕಾಗದದಲ್ಲಿ ಯಾಕಿರ್ಬೇಕು?"

"ಹೊಲ ಇಲ್ದಿದ್ರೂ ಪರ್ವಾಗಿಲ್ಲ. ಹೊಲದ ಯಜಮಾನ್ತಿ ಎಲ್ಲವ್ಳೆ ಅಂತ ಒಂದು ಗುರುತು ಹಾಕ್ಕೊಂಡ್ರೆ ಸಾಕು."

ಬಾವುಟ ನನ್ನ ಕಾಲ ಹತ್ರ ಎಸೆದು ಹೊರಟೇಬಿಟ್ಲು. ಹತ್ತು ಹೆಜ್ಜೆ ಆದ್ಮೇಲೆ ಸೆರಗು ಬಾಯಿಗೆ ಒತ್ಕೊಂಡ್ಲು. ನಗು!

'ಇಂಥ ಮಂಗನ್ನ ಸರ್ಕಾರ ಸಂಬಳ ಕೊಟ್ಟು ಸಾಕ್ತದಾ...' ಅಂತ ಅವಳ ಮನಸ್ಸು ಬಯ್ತಿತ್ತಂತೆ, ಆಮೇಲೆ ಅವಳೇ ಹೇಳಿದ್ದು. ಆದ್ರೆ ಮನೆ ಸೇರೋವರೆಗೂ ಆ ನಗು ತುಟಿ ಬಿಟ್ಟು ಇಳೀಲಿಲ್ಲ.

ಅವಳೇ ಸುನಂದ. ನಿಂಗಯ್ಯನೋರ ಒಬ್ಬಳೇ ಮಗಳು.

ಆ ತಿಂಗಳು ಇಡೀ ಸರ್ವೆ ಪಾರ್ಟೀಲಿ ನಂಗೊಬ್ಬನಿಗೇ ವಿಪರೀತ ಬಾಯಾರಿಕೆ. ದಿನಾ ನಿಂಗಯ್ಯನೋರ ಜಗಲಿ. ದಿನಾ ಮಜ್ಜಿಗೆ. ಅವಳ ತಾತ ಚಿಕ್ಕಬೀರಯ್ಯನೋರಿಗೆ ನಕ್ಷೆ ತೋರ್ಸೋ ನೆಪ.

"ಇನ್ನೊಂದ್ ಲೋಟ ಬೇಕಾ?" ಅಂತ ಸುನಂದ ಕೇಳೋಳು.

"ನೀವು ಕೊಡೋದಾದ್ರೆ ಕೆರೆನೇ ಕುಡೀತೀನಿ."

"ಕೆರೆ ಆ ಕಡೆ ಅದೆ. ಹೋಗಿ ಕುಡ್ಕೊಳಿ."

'ನೀನು' ಹೋಗಿ 'ನೀವು' ಬಂದಿತ್ತು, ನೋಡಿದ್ರಾ? ಕ್ಯಾಂಪಿನ ಕಡೆಯಿಂದ ಯಾರೇ ಬಂದ್ರೂ ಅವಳ ಕೈ ತಾನಾಗೇ ಜಡೆ ಸರಿಮಾಡ್ಕೊಳೋದು. ಬಂದೋನು ನಾನಲ್ಲ ಅಂತ ಗೊತ್ತಾದ್ರೆ ಅದೇ ಕೈ ಪಾತ್ರೆ ಕುಕ್ಕೋದು.

ಕೊನೆಗೆ ನಮ್ಮ ದೊಡ್ಡಪ್ಪ ಸಣ್ಣಯ್ಯ ಹೆಣ್ಣು ಕೇಳಕ್ಕೆ ಬಂದ್ರು. ನಮ್ಮೂರು ಹಂಪಾಪುರದ ಪಕ್ಕ. ಎಲ್ಲಾ ಚೆನ್ನಾಗಿತ್ತು. ದೊಡ್ಡಪ್ಪ ವೀಳ್ಯ ಕೈಗೆತ್ಕೊಂಡು, "ಅಂದಂಗೆ ನಿಂಗಯ್ಯನೋರೇ, ಮನೆದೇವ್ರು ಯಾವ್ದು?" ಅಂದ್ರು.

"ಗುಡ್ಲು ಮಾರಮ್ಮ."

ವೀಳ್ಯದ ಕೈ ಹಂಗೇ ನಿಂತುಹೋಯ್ತು.

"ನಮ್ದೂ ಅದೇಯ..."

ಒಂದೇ ಮನೆದೇವ್ರ ಒಕ್ಕಲು ಅಂದ್ರೆ ನಮ್ಮಲ್ಲಿ ಅಣ್ಣತಮ್ಮಂದ್ರು. ಹೆಣ್ಣು ಕೊಡಂಗಿಲ್ಲ, ತರಂಗಿಲ್ಲ. ಮುಗೀತು!

ತಾತ ಗಡಬಡಿಸಿ ಎದ್ರು. "ತಡಿಯಪ್ಪಾ! ನಾನು ಹುಟ್ಟಾ ಆ ಒಕ್ಕಲಲ್ಲ. ಪಿಳೇಗು ಬಂದಾಗ ನಿಮ್ಮೋರೆಲ್ಲಾ ಊರು ಬುಟ್ಟು ಹೊಲದಲ್ಲಿ ಗುಡ್ಲು ಹಾಕ್ಕೊಂಡಿದ್ರಲ್ಲಾ? ಯಾವನೋ ಗಾಡಿಯೋನು ನನ್ನ ಅಲ್ಲಿ ಇಳಿಸ್ಬುಟ್ಟು ಹೋದ. ಆರು ವರ್ಷ ನಂಗೆ. ಅವ್ವ ಅಪ್ಪ ಇಬ್ರೂ ಹೋಗಿದ್ರು. ನಿಮ್ಮೋರು ಗಂಜಿ ಕೊಟ್ರು. ಅವ್ರು ಕೈ ಮುಗಿದ ಮಾರಮ್ಮಂಗೇ ನಾನೂ ಕೈ ಮುಗ್ದೆ."

"ಹಂಗಾದ್ರೆ ನಿಮ್ಮ ಹುಟ್ಟೂರು ಯಾವ್ದು ಯಜಮಾನ್ರೇ?"

"ಹೆಸ್ರು ನೆನಪಿಲ್ಲ ಕಣಪ್ಪ. ಬಾಗಿಲಲ್ಲಿ ನಿಂತ್ರೆ ಎದುರಿಗೆ ಕೆರೆ. ಕೆರೆ ಆಚೆ ಜೋಡಿ ಗುಡ್ಡ. ಆ ಸಂದೀಲಿ ಕೆಂಪಗೆ ಸೂರ್ಯ... ಅಷ್ಟೇಯ."

"ಕೆರೆ ಗುಡ್ಡ ಇಲ್ಲದ ಊರು, ಹೊತ್ತು ಮೂಡದ ಊರು ಎಲ್ಲದೆ ಹೇಳಿ? ನಿಮ್ಮ ಸ್ವಂತ ಒಕ್ಕಲು ಯಾವ್ದು ಅಂತ ತೋರ್ಸೋವರೆಗೂ ನೀವು ನಮ್ಮೋರೇ. ಈ ಹುಡ್ಗಿ ಇವನಿಗೆ ತಂಗಿ."

ಎಲ್ಲಾರೂ ನನ್ನನ್ನೇ ನೋಡ್ತಾವ್ರೆ. ಬಾಗಿಲ ಹಿಂದೆ ಬಳೆ ಸದ್ದು ನಿಂತುಹೋಯ್ತು.

ನಾನು ಎದ್ದು ಕೈ ಮುಗಿದೆ. "ಸರಿ ತಂಗ್ಯಮ್ಮಾ! ಇಷ್ಟು ದಿನ ಮಜ್ಜಿಗೆ ಕೊಟ್ಟಿದ್ದಕ್ಕೆ ಬಲು ಉಪಕಾರ!" ಅಂದು ಹೊರಟೇಬಿಟ್ಟೆ.

'ತಮಾಷೆ! ಈ ಮನುಷ್ಯಂಗೆ ನಾನೂ ತಮಾಷೆನಾ?' ಸುನಂದ ಅಳ್ಲಿಲ್ಲ. ಬೀಸೋ ಕಲ್ಲಿನ ಮುಂದೆ ಕೂತು, ಮನೇಲಿದ್ದ ರಾಗಿನೆಲ್ಲಾ ಬೀಸಿಬಿಟ್ಲು. ಹಿಟ್ಟು ತುಂಬಕ್ಕೆ ಡಬ್ಬ ಸಾಲದೆ ಹೋಯ್ತು.

ಮಾರನೇ ದಿನ ಕ್ಯಾಂಪೂ ಪಿರಿಯಾಪಟ್ಟಣಕ್ಕೆ ಎದ್ದೋಯ್ತು. ಹದಿನಾರು ದಿನ ನನ್ನ ಸುದ್ದಿ ಇಲ್ಲ. ಅಷ್ಟರಲ್ಲಿ ಕೃಷ್ಣರಾಜನಗರದ ಕಡೆಯ ಗಂಡು, ಕಬ್ಬಿನ ಗದ್ದೆ ಇರೋ ಮನೆ, ಸೋಮವಾರ ನೋಡಕ್ಕೆ ಬತ್ತಾರೆ ಅಂತ ಗೊತ್ತಾಯ್ತು.

"ಏನವ್ವಾ, ಬರೇಳ್ಲಾ?" ಅಂದ್ರು ನಿಂಗಯ್ಯ.

"ನಿಮ್ಮಿಷ್ಟ ಅಪ್ಪಾ..." ಅಂದು ಒಳಗೆ ಹೋದ್ಲು. 'ಅವರಿಗೇ ಇಲ್ಲದ ಸಂಕಟ ನಂಗ್ಯಾಕೆ?'

ಗುರುವಾರ ಬೆಳಿಗ್ಗೆ ಬಸ್ಸಿಳಿದು ಬಂದೆ. ಕಂಕಳಲ್ಲಿ ಒಂದು ಬಟ್ಟೆ ಸುರುಳಿ. ಬಾಗಿಲಲ್ಲಿ ಅವಳು.

"ಯಾರ್ ಬೇಕಿತ್ತು?"

"ತಾತ..."

"ತಂಗಿ ಬೇಡ್ವಾ?"

"ಸುನಂದಾ, ಅವತ್ತು ನಾನು..."

"ಏನೂ ಹೇಳ್ಬೇಡಿ! ಹದಿನಾರು ದಿನ! ಊರ್ಗೆಲ್ಲಾ ಗೆರೆ ಎಳೀತೀರಲ್ಲ, ನಂಗೆ ಒಂದು ಸಾಲು ಬರೆಯಕ್ಕೆ ಕೈ ಬರ್ಲಿಲ್ವಾ?"

ನಾನು ಜಗಲಿ ಮೇಲೆ ಸುರುಳಿ ಬಿಚ್ಚಿದೆ.

ಪಿರಿಯಾಪಟ್ಟಣದ ಕ್ಯಾಂಪಲ್ಲಿ ಒಂದು ತಗಡಿನ ಪೆಟ್ಟಿಗೆ ತುಂಬಾ ಹಳೇ ನಕ್ಷೆಗಳು. ಪಿಳೇಗಿಗೆ ಮುಂಚೆ ಅಳೆದಿದ್ದು. ಒಂದು ಮೈಲಿಗೆ ಒಂದಿಂಚು. ಹೊಸ ನಕ್ಷೇಲಿ ಬರೀ ಕುರುಚಲು ಅಂತ ತೋರ್ಸಿರೋ ಜಾಗದಲ್ಲಿ, ಹಳೇದ್ರಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕಿಗಳು. ಒಂದೊಂದು ಚುಕ್ಕಿನೂ ಒಂದು ಮನೆ! ಪೆಟ್ಟಿಗೆಯಿಂದ ನಕ್ಷೆ ಆಚೆ ಕೊಡಲ್ಲ ಅಂದ್ರು ಸಾಹೇಬ್ರು. ಕೆಲಸ ಮುಗಿದ ಮೇಲೆ ದಿನಾ ಕೂತು ಎಲ್ಲಾನೂ ಶಾಯೀಲಿ ಬಟ್ಟೆ ಮೇಲೆ ನಕಲು ತೆಗೆದೆ. ಕೆರೆ, ಗುಡ್ಡ, ಗಾಡಿ ದಾರಿ, ಗುಡಿ, ಬಾವಿ... ಒಂದೂ ಬಿಡಲಿಲ್ಲ.

ಸುನಂದ ನಕ್ಷೆ ನೋಡ್ಲಿಲ್ಲ. ಶಾಯಿ ಹತ್ತಿದ ನನ್ನ ಬೆರಳು ನೋಡಿದ್ಲು. ಕೆಂಪಾದ ಕಣ್ಣು ನೋಡಿದ್ಲು. 'ನಾನಿಲ್ಲಿ ರಾಗಿ ಮೇಲೆ ಸಿಟ್ಟು ತೀರಿಸ್ಕೋತಿದ್ದಾಗ ಇವರು ಅಲ್ಲಿ...' ಹದಿನಾರು ದಿನದ ಸಿಟ್ಟು ಒಂದೇ ಉಸಿರಿಗೆ ಕರಗಿಹೋಯ್ತು.

ಈಗ ನೋಡಿ ನನ್ನ ಕೈಚಳಕ! ತಾತನ್ನ ಪಕ್ಕ ಕೂರಿಸ್ಕೊಂಡೆ. ನಕ್ಷೆ ಮೇಲೆ ಕಣ್ಣಾಡಿಸ್ದೆ. ಬೆರಳಿಟ್ಟೆ.

"ಇದೇ!"

ಎಳಚೀಪುರ. ಹುಣಸೂರು ತಾಲ್ಲೂಕಿನ ಗಡಿ.

ಶನಿವಾರ ದೊಡ್ಡಪ್ಪನ್ನೂ ಕರೆಸಿ ಎಲ್ಲಾರೂ ಗಾಡಿ ಕಟ್ಕೊಂಡು ಹೋದ್ವಿ. ಊರಿಲ್ಲ. ಮಣ್ಣಿನ ದಿಬ್ಬಗಳು, ಎಕ್ಕದ ಗಿಡ. ಆದ್ರೆ ಒಡೆದ ಏರಿ, ಒಣಗಿದ ಕೆರೆ, ಆಚೆ ಜೋಡಿ ಗುಡ್ಡ! ತಾತ ಕಾಲಿನ ಮೆಟ್ಟು ಬಿಚ್ಚಿಟ್ರು.

ಪಕ್ಕದೂರಿಂದ ಒಬ್ಬ ಮುದುಕರನ್ನ ಕರ್ಕೊಂಡು ಬಂದೆ. ಚೆಲುವಯ್ಯ ಅಂತ, ಎಪ್ಪತ್ತೈದರ ಮೇಲೆ. ಪಿಳೇಗಲ್ಲಿ ಈ ಊರಿಂದ ಉಳಿದ ಮೂರು ಮನೆಯೋರಲ್ಲಿ ಒಬ್ರು.

"ನಿಮ್ಮಪ್ಪನ ಹೆಸ್ರೇನು?" ಅಂತ ಅವರು ತಾತನ್ನ ಕೇಳಿದ್ರು.

"ಬೀರಯ್ಯ. ಬಲಗೈಲಿ ಆರು ಬೆರಳಿತ್ತು. ಅಷ್ಟೇ ಗೊತ್ತು ಕಣಣ್ಣ."

ಚೆಲುವಯ್ಯನೋರ ಕೋಲು ಕೆಳಗೆ ಬಿತ್ತು.

"ಆರು ಬೆರಳು ಬೀರಯ್ಯ ನಮ್ಮ ಚಿಕ್ಕಪ್ಪ ಕಣೋ! ಅವನ ಮಗನೂ ಸತ್ತೋದ ಅಂದ್ಕೊಂಡು ವರ್ಷಾ ವರ್ಷಾ ಮಾರ್ನಮೀಲಿ ಹಿರಿಯರ ಜೊತೆ ನಿಂಗೂ ಎಡೆ ಇಕ್ತಾ ಇದೀವಲ್ಲೋ! ಸಣ್ಣ ಮಗ ಅಂತ ನಿಂಗೆ ಅಂತ್ಲೇ ಒಂದು ಕಡುಬು ಜಾಸ್ತಿ!"

ತಾತ ಅವರನ್ನ ತಬ್ಕೊಂಡ್ರು. ಅಳ್ತಾ ಅಳ್ತಾ ನಕ್ಕುಬಿಟ್ರು.

"ಅದಕ್ಕೇ ಕಣಣ್ಣೋ, ಮಾರ್ನಮಿ ಬಂದ್ರೆ ನಂಗೆ ಹೊಟ್ಟೆನೇ ಹಸೀತಿರ್ಲಿಲ್ಲ!"

ದೊಡ್ಡಪ್ಪ ಮಾತ್ರ ಇನ್ನೂ ಉಸಿರು ಹಿಡ್ಕೊಂಡಿದ್ರು. "ಯಜಮಾನ್ರೇ... ನಿಮ್ಮ ಮನೆದೇವ್ರು?"

"ಗುಡ್ಡದ ಸಿದ್ದಪ್ಪ. ಇನ್ಯಾವ್ದು?"

"ಬೇರೆ ಒಕ್ಕಲು!" ದೊಡ್ಡಪ್ಪ ಅಲ್ಲೇ ದಿಬ್ಬದ ಮೇಲೆ ಕುಸಿದು ಕೂತ್ರು. "ಅಪ್ಪಾ ಸಿದ್ದಪ್ಪಾ, ಬದುಕಿಸ್ದೆ! ನಿಂಗಯ್ಯನೋರೇ, ಕೃಷ್ಣರಾಜನಗರದೋರಿಗೆ ಬರಬೇಡಿ ಅಂತ ಹೇಳ್ಕಳ್ಸಿ. ವೀಳ್ಯ ತಕ್ಕೊಳಿ."

ಗಾಡಿ ಪಕ್ಕ ನಿಂತಿದ್ದ ಸುನಂದಳ ಎದೆಯಿಂದ ಒಂದು ಉದ್ದನೆ ಉಸಿರು ಆಚೆ ಬಂತು. ಎಷ್ಟು ದಿನದಿಂದ ಅದನ್ನ ಹಿಡಿದಿಟ್ಕೊಂಡಿದ್ಲೋ!

ಆಗ ನಾನು ಏರಿ ಮೇಲೆ ಹತ್ತಿ, ಕೈ ಚಾಚಿ ಗುಡುಗಿದೆ. "ಸುನಂದಾ! ಅಳಿದ ಊರನ್ನೇ ಹುಡುಕಿ ತಂದ ಈ ಕರವನ್ನು ಹಿಡಿಯುವೆಯಾ?"

ಅವಳು ನಾಚಿ, "ಪ್ರಾಣನಾಥಾ!" ಅಂದ್ಲು.

...ಇಲ್ಲ ಕಣ್ರೀ. ಅನ್ಲಿಲ್ಲ. ನಾನೂ ಗುಡುಗ್ಲಿಲ್ಲ. ಊರು ಹುಡುಕಿದ್ದೂ ನಾನಲ್ಲ. ನಿಜ ಹೇಳ್ಬಿಡ್ತೀನಿ, ಹೊಟ್ಟೇಲಿ ನಿಲ್ತಾ ಇಲ್ಲ.

ಆ ಹದಿನಾರು ದಿನದಲ್ಲಿ ನಾನು ನಕ್ಷೇಲಿ ಮೂರು ಊರು ಆರಿಸಿ, ಮೂರಕ್ಕೂ ನಡ್ಕೊಂಡು ಹೋಗಿ ಬಂದಿದ್ದೆ. ಒಂದ್ರಲ್ಲೂ ತಾತನ ಸುಳಿವಿಲ್ಲ. ಗುರುವಾರ ನಾನು ಬಂದಿದ್ದು ಗೆದ್ದಲ್ಲ. 'ಆಗ್ಲಿಲ್ಲ ಸುನಂದಾ' ಅಂತ ಹೇಳಿ ಹೋಗಕ್ಕೆ. ಬಟ್ಟೆ ಬಿಚ್ಚಿದೆ, ತಪ್ಪಾದ ಮೂರು ಗುರುತು ತೋರ್ಸಿದೆ, ತಲೆ ತಗ್ಗಿಸಿ ಕೂತೆ.

ಅವಳು ಸುಮ್ನೆ ತಾತನ ಕಡೆ ತಿರುಗಿದ್ಲು. "ತಾತ, ಗುಡ್ಡದ ಸಂದೀಲಿ ಆ ಕೆಂಪು ಸೂರ್ಯ ಕಾಣೋನಲ್ಲ, ಆವಾಗ ನಿಮ್ಮವ್ವ ಏನ್ ಮಾಡ್ತಿದ್ರು?"

ತಾತ ಕಣ್ಣು ಮುಚ್ಚಿದ್ರು. "ನನ್ನ ಮುಖ ತೊಳೆದು... ದೇವ್ರ ಮುಂದೆ ದೀಪ ಹಚ್ಚೋಳು. ದನ ಬಂದು ಕೊಟ್ಟಿಗೇಲಿ ಕೂಗ್ತಿದ್ವು."

ಸುನಂದ ನನ್ನ ಮುಖ ನೋಡಿದ್ಲು. "ರೀ, ದನ ಮನೆಗೆ ಬರೋದು ಯಾವಾಗ? ಹುಟ್ಟೋ ಸೂರ್ಯ ಅಂತ ನಿಮಗ್ಯಾರ್ ಹೇಳಿದ್ರು? ಮುಳುಗೋನು ಅವನು! ಗುಡ್ಡ ಮೂಡಲಿಗಲ್ಲ, ಪಡುವಲಿಗೆ ಹುಡುಕ್ಬೇಕು!"

ನಕ್ಷೆ ಮೇಲೆ ಬಗ್ಗಿ, ಒಂದೊಂದೇ ಕೆರೆ ಮೇಲೆ ಅವಳ ಬೆರಳು ಸಾಗ್ತು. ಎಳಚೀಪುರದ ಮೇಲೆ ನಿಂತ್ಕೊಂತು.

"ಇಲ್ಲೂ ಸಿಕ್ಕದಿದ್ರೆ ಸುನಂದಾ?" ಅಂದೆ.

"ಇನ್ನೊಂದು ನಕ್ಷೆ ಬರೀರಿ. ಕಾಯ್ತೀನಿ."

"ಸೋಮವಾರ ಯಾರೋ ಬತ್ತಾರಂತೆ..."

"ಬರೋರಿಗೆ ಆಗಲ್ಲ ಅಂದಾಯ್ತು."

"ಯಾವಾಗ?"

"ಈಗ ನೀವು ಬಾಗಿಲಿಗೆ ಬಂದ್ರಲ್ಲ, ಆವಾಗ. ಮನಸ್ಸಲ್ಲೇ."

ಸಿನಿಮಾದಲ್ಲಿ ಕಲ್ತಿದ್ದ ಒಂದೇ ಒಂದು ಮಾತೂ ನೆನಪಿಗೆ ಬರ್ಲಿಲ್ಲ ಸ್ವಾಮಿ. ತಾತನ ಮುಂದೆನೇ ಗೊಳೋ ಅಂತ ಅತ್ತುಬಿಟ್ಟೆ. ಅವಳು ಸೆರಗಿನ ತುದಿ ತಕ್ಕೊಂಡ್ಲು. ನನ್ನ ಕಣ್ಣೊರೆಸಕ್ಕೆ ಅಂದ್ಕೊಂಡೆ. ನಕ್ಷೆ ಬಟ್ಟೆ ಮೇಲೆ ಬಿದ್ದಿದ್ದ ಹನಿನ ಮೆಲ್ಲಗೆ ಒತ್ತಿ ತೆಗೆದ್ಲು.

"ಸುನಂದಾ..."

"ಹೂಂ. ಸ್ವಲ್ಪ ಆ ಕಡೆ ತಿರುಗಿ ಅಳಿ. ನಮ್ಮೂರು ಅಳಿಸೋಯ್ತದೆ."