ಬಟ್ಟಲ ತುಂಬ ಬಿ.ಪಿ. ಮಾತ್ರೆ

"ಕಾರಾ-ಬುಲುಂಗ್ ಗ್ರಾಮದ ಸಮಸ್ತ ಹಿರಿಯರು, ಕಿರಿಯರು ಹಾಗೂ ಕುರಿಗಳ ಗಮನಕ್ಕೆ! ಮೂರನೇ ಗುಡಾರದಲ್ಲಿ ಚಹಾಕ್ಕೆ ನೀರು ಕಾಯಿಸುವ ಸಮೋವಾರದ ಮುಚ್ಚಳ ಇಂದು ಬೆಳಿಗ್ಗೆಯಿಂದ ಕಾಣೆಯಾಗಿದೆ. ಸದರಿ ಮುಚ್ಚಳವು ಹಿತ್ತಾಳೆಯದಾಗಿದ್ದು, ಬದಿಯಲ್ಲಿ ಸಣ್ಣ ನೆಗ್ಗು ಹೊಂದಿರುತ್ತದೆ. ಇದು ಭೂಕಂಪದಲ್ಲಿ ಬದುಕುಳಿದ ಮುಚ್ಚಳ... ಗೌರವವಿರಲಿ!"

ಜುಮಾಡಿಲ್ ತಾತ ಕೈಮೈಕು ಕೆಳಗಿಳಿಸಿದರು. ಭೂಮಿ ಮತ್ತೆ ನಡುಗಿದರೆ ಜನರನ್ನು ಎಚ್ಚರಿಸಲಿ ಎಂದು ಸರ್ಕಾರ ಅದನ್ನು ಕೊಟ್ಟಿತ್ತು. ಭೂಮಿ ಸುಮ್ಮನಾಗಿತ್ತು. ತಾತ ಸುಮ್ಮನಾಗಿರಲಿಲ್ಲ.

ಅಷ್ಟರಲ್ಲಿ ಹುಲ್ಲುಗಾವಲಿನ ದಾರಿಯಿಂದ ಒಂದು ಜೀಪು ಬಂತು.

ಟಣ್... ಕ್ರಚ್!

ಮುಚ್ಚಳ ಸಿಕ್ಕಿತು. ಜೀಪಿನ ಮುಂದಿನ ಚಕ್ರದ ಅಡಿಯಲ್ಲಿ, ರೊಟ್ಟಿಯಷ್ಟು ತೆಳ್ಳಗೆ!

"ಅಯ್ಯೋ, ನನ್ನ ಅತ್ತೆ ಕೊಟ್ಟಿದ್ದ ಮುಚ್ಚಳ!" ಎಂದು ಕಾನಿಶಾ ಅಜ್ಜಿ ಗುಡಾರದಿಂದ ಹೊರಬಂದರು. ಮನೆ ಬಿದ್ದ ದಿನವೂ ಅವರು ಅಷ್ಟು ಜೋರಾಗಿ ಅತ್ತಿರಲಿಲ್ಲ.

ಆ ಕೂಗಿಗೆ ದವಾಖಾನೆಯ ಡೇರೆಯಿಂದ ಬೆಗಾಯಿಮ್ ಓಡಿಬಂದಳು. ಅವಳು ಈ ಊರಿನ ಫೆಲ್ಡ್‌ಶರ್. ಅಂದರೆ ಡಾಕ್ಟರಿಲ್ಲದ ಊರಿನಲ್ಲಿ ಅರ್ಧ ಡಾಕ್ಟರ್, ಮುಕ್ಕಾಲು ನರ್ಸ್, ಬೈಗುಳ ತಿನ್ನುವುದರಲ್ಲಿ ಮಾತ್ರ ಪೂರ್ತಿ.

"ಕಣ್ಣು ಕಾಣಲ್ವಾ ನಿಮಗೆ? ವಯಸ್ಸಾದೋರು ಓಡಾಡೋ ಜಾಗ ಇದು!"

ಜೀಪಿನಿಂದ ಇಳಿದವನು ಎತ್ತರದ ಆಳು. ಮೀಸೆಯಲ್ಲಿ ಧೂಳು, ಕಣ್ಣಲ್ಲಿ ನಿದ್ದೆ. ಚಪ್ಪಟೆಯಾದ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ಮೃತರಿಗೆ ಗೌರವ ಸಲ್ಲಿಸುವಂತೆ ಕಾನಿಶಾ ಅಜ್ಜಿಯ ಮುಂದೆ ತಲೆ ತಗ್ಗಿಸಿದ. ಇಲ್ಲಿ ಹಿರಿಯ ಹೆಂಗಸರನ್ನೆಲ್ಲ 'ಅಪಾ' ಎಂದೇ ಕರೆಯುವುದು.

"ತಪ್ಪಾಯ್ತು ಅಪಾ, ಹೊಸದು ತಂದುಕೊಡ್ತೀನಿ. ನಾನು ತಿಲೆಕ್. ಜಿಲ್ಲೆಯ ತುರ್ತು ವಿಭಾಗದಿಂದ ಬಂದಿದ್ದೀನಿ. ಎಪ್ಪತ್ತು ದಾಟಿದವರನ್ನೆಲ್ಲ ಸರೋವರದ ಹತ್ತಿರದ ಆರೋಗ್ಯಧಾಮಕ್ಕೆ ಸಾಗಿಸ್ಬೇಕು."

ಬೆಗಾಯಿಮ್ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಸಾಗಿಸೋಕೆ ಅವರೇನು ಆಲೂಗಡ್ಡೆನಾ?"

"ಚಳಿ ಬರ್ತಿದೆ ಮೇಡಂ. ಗುಡಾರದಲ್ಲಿ ಯಾರಿಗಾದ್ರೂ ನ್ಯುಮೋನಿಯಾ ಆದ್ರೆ ಏನ್ಮಾಡ್ತೀರಿ?"

ಪ್ರಶ್ನೆ ಸರಿಯಾಗಿತ್ತು. ಅದಕ್ಕೇ ಅವಳ ಸಿಟ್ಟು ಇನ್ನೂ ಏರಿತು.

"ಅಲ್ಲಿ ಇವರನ್ನ ಬಲ್ಲೋರು ಯಾರಿದಾರೆ? ನಮ್ಮ ಬುರುಲ್ಚಾ ಅಪಾ ಇದಾರಲ್ಲ, ಮೈಯಲ್ಲಿ ಸಕ್ಕರೆ ಇಳಿಯೋಕೆ ಶುರುವಾದ್ರೆ ಹಾಡ್ತಾರೆ. ಅಲ್ಲಿನೋರು ಕೇಳಿ ಚಪ್ಪಾಳೆ ತಟ್ತಾರೆ! ನಾನು ಓಡಿಹೋಗಿ ಜಾಮ್ ತಿನ್ನಿಸ್ತೀನಿ. ಮನೆ ರಿಪೇರಿ ಆಗೋವರೆಗೂ ಇಲ್ಲೇ ಇಟ್ಟುಕೊಳ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಅಷ್ಟೇ!"

ತಿಲೆಕ್ ಅವಳನ್ನೇ ನೋಡಿದ. ಸಿಟ್ಟಿನಲ್ಲಿ ಅವಳ ಕೆನ್ನೆ ಏಪ್ರಿಕಾಟ್ ಹಣ್ಣಿನಂತೆ ಕೆಂಪೇರಿತ್ತು. ಸರ್ಕಾರಿ ಆದೇಶದಲ್ಲಿ ಕೆನ್ನೆಯ ಪ್ರಸ್ತಾಪವಿರಲಿಲ್ಲ. ಆದರೂ ಅವನು ಗಮನಿಸಿದ.

"ಶನಿವಾರ ಬಸ್ ಬರತ್ತೆ. ಅಷ್ಟರೊಳಗೆ ಇಲ್ಲಿ ಯಾರಿಗೂ ಏನೂ ಆಗ್ಲಿಲ್ಲ ಅಂದ್ರೆ ನಾನೇ ಮೇಲಿನವರ ಹತ್ರ ಮಾತಾಡ್ತೀನಿ. ಒಬ್ಬರು ಬಿದ್ರೂ... ಬಸ್ ತುಂಬತ್ತೆ. ಸರಿನಾ?"

"ಸರಿ!" ಎಂದಳು. 'ಏನು ಜಂಬ ಈ ಮನುಷ್ಯನಿಗೆ!' ಎಂದುಕೊಂಡಳು. ಆದರೆ ಅವನ ಮೀಸೆಯ ಧೂಳನ್ನು ಯಾರಾದರೂ ಒರೆಸಬಾರದೇ ಎಂದೂ ಅನ್ನಿಸಿತು... ಛೆ!

* * *

ತಿಲೆಕ್ ಬರಿಗೈಯಲ್ಲಿ ಬಂದಿರಲಿಲ್ಲ. ದೊಡ್ಡ ಡಬ್ಬದ ತುಂಬ ಔಷಧಿ ತಂದಿದ್ದ. ಹಿರಿಯರ ಮಾತ್ರೆಗಳೆಲ್ಲ ಕುಸಿದ ಗೋಡೆಗಳ ಅಡಿಯಲ್ಲಿ ಹೂತುಹೋಗಿದ್ದವು. ಬೆಗಾಯಿಮ್ ಒಬ್ಬೊಬ್ಬರಿಗೂ ಅವರವರ ಮಾತ್ರೆ ಎಣಿಸಿ ಕೊಟ್ಟಳು. ಹೇಗೆ ತೆಗೆದುಕೊಳ್ಳಬೇಕೆಂದು ಕಿವಿ ಹತ್ತಿರ ಕೂಗಿ ಹೇಳಿದಳು. ಅಜ್ಜಿಯರು ತಲೆಯಾಡಿಸಿದರು. ಅಜ್ಜಿಯರು ತಲೆಯಾಡಿಸಿದರೆ ಕೇಳಿಸಿತು ಎಂದಷ್ಟೇ ಅರ್ಥ.

ಅಜ್ಜಿಯರನ್ನೆಲ್ಲ ಒಂದೇ ದೊಡ್ಡ ಗುಡಾರದಲ್ಲಿ ಇರಿಸಿದ್ದು ಬೆಗಾಯಿಮ್‌ಳದೇ ಯೋಜನೆ. ಒಂದು ಒಲೆ, ಒಂದು ಸಮೋವಾರ, ಒಂದೇ ಕಡೆ ಎಲ್ಲರ ಮೇಲೂ ಕಣ್ಣು. ಊರಿನ ಮಕ್ಕಳು ಸೊಸೆಯಂದಿರೆಲ್ಲ ಹಗಲು ಪೂರ್ತಿ ಇಟ್ಟಿಗೆ ಹೊರುತ್ತಿದ್ದರು.

ತಿಲೆಕ್ ಸುಮ್ಮನೆ ಕೂರುವ ಜಾತಿಯಲ್ಲ. ಒಲೆಯ ಕೊಳವೆ ಸರಿಮಾಡಿದ. ಗುಡಾರಕ್ಕೆ ಇನ್ನೊಂದು ಪದರ ಕಂಬಳಿ ಸುತ್ತಿದ. ಜುಮಾಡಿಲ್ ತಾತನ ಕೃತಕ ಹಲ್ಲಿನ ಸೆಟ್ಟನ್ನು ಅವಶೇಷದಡಿಯಿಂದ ಹುಡುಕಿ ತಂದ. ಅಂದಿನಿಂದ ಪ್ರಕಟಣೆಗಳು ಇನ್ನೂ ಸ್ಪಷ್ಟವಾದವು. ಊರಿಗೆ ಅದೊಂದು ನಷ್ಟ.

"ಒಳ್ಳೇ ಹುಡುಗ ಕಣೇ," ಎಂದರು ಕಾನಿಶಾ ಅಜ್ಜಿ.

"ಮುಚ್ಚಳ ಮುರಿದೋನು ಅಪಾ ಅವನು!"

"ಮುಚ್ಚಳ ಹೋದ್ರೆ ಹೋಗ್ಲಿ. ಯಾರನ್ನ ನೋಡಿದಾಗ ನಿನ್ನ ಮುಖ ಕೆಂಪಾಗತ್ತೆ ಅಂತ ನಂಗೆ ಕಾಣ್ಸಲ್ವಾ?"

ಬೆಗಾಯಿಮ್ ಬಿ.ಪಿ. ಯಂತ್ರದ ಪಟ್ಟಿಯನ್ನು ಅಜ್ಜಿಯ ತೋಳಿಗೆ ಸ್ವಲ್ಪ ಬಿಗಿಯಾಗಿಯೇ ಸುತ್ತಿದಳು.

* * *

ಗುರುವಾರ ಮಧ್ಯಾಹ್ನದ ಚಹಾ ಮುಗಿದಿತ್ತಷ್ಟೇ. ಕಾನಿಶಾ ಅಜ್ಜಿ ಎದ್ದು ನಿಂತವರು ಹಾಗೇ ಕುಸಿದರು. ಹಿಡಿಯಲು ಹೋದ ಬುರುಲ್ಚಾ ಅಜ್ಜಿಯೂ ಕುಸಿದರು. ಮೂಲೆಯಲ್ಲಿ ಕೂತಿದ್ದ ಸೋನುನ್ ಅಜ್ಜಿ, "ಗುಡಾರ ತಿರುಗ್ತಿದೆ... ಮತ್ತೆ ಭೂಕಂಪ!" ಎಂದು ಕಣ್ಣು ಮುಚ್ಚಿದರು.

ಬೆಗಾಯಿಮ್ ಓಡಿಬಂದಳು. ಮೂವರ ಮೈಯೂ ತಣ್ಣಗೆ, ನಾಡಿ ಸಣ್ಣಗೆ. ಮೂವರ ರಕ್ತದೊತ್ತಡವೂ ಪಾತಾಳದಲ್ಲಿ! ಸಕ್ಕರೆ ನೋಡಿದಳು, ಸರಿಯಾಗಿಯೇ ಇತ್ತು. ಮತ್ತೆ... ಏನಿದು?

ತಿಲೆಕ್ ಆಗಲೇ ಮೂವರನ್ನೂ ಮಲಗಿಸಿ ಕಾಲ ಕೆಳಗೆ ದಿಂಬು ಒಟ್ಟುತ್ತಿದ್ದ. "ಸಲೈನ್ ಎಲ್ಲಿದೆ?"

"ಮುಟ್ಬೇಡಿ!" ಅವಳು ಅವನ ಕೈ ತಳ್ಳಿದಳು. "ನಿಮ್ಮ ಡಬ್ಬ ಬಂದಾಗಿನಿಂದಲೇ ಅಲ್ವಾ ಇದೆಲ್ಲ? ಹಳೇ ಸ್ಟಾಕು ತಂದು ಸುರಿದ್ರಾ? ಒಬ್ಬರು ಬಿದ್ರೂ ಬಸ್ ತುಂಬತ್ತೆ ಅಂದ್ರಲ್ಲ... ಬಸ್ ತುಂಬಿಸೋಕೆ ಇದೊಂದು ದಾರಿನಾ?"



ತಿಲೆಕ್‌ನ ಮುಖದ ಬಣ್ಣವೇ ಇಳಿಯಿತು. ಆದರೂ ಸಲೈನ್ ಬಾಟಲಿ ತಂದು ಮೇಲೆತ್ತಿ ಹಿಡಿದ. ಕೈ ಸೋತರೂ ಇಳಿಸಲಿಲ್ಲ. ಸಂಜೆಯ ಹೊತ್ತಿಗೆ ಮೂವರೂ ಎದ್ದು ಕೂತು ಉಪ್ಪುಪ್ಪಾದ ಮಾಂಸದ ಸಾರು ಕುಡಿದು, ಉಪ್ಪು ಕಮ್ಮಿಯಾಯಿತೆಂದು ದೂರಿದ ಮೇಲೆ ಅವನು ಹೊರಗೆ ಹೋದ.

'ಅಂಥ ಮಾತು ಆಡಬಾರದಿತ್ತೇನೋ...' ಎಂದಿತು ಬೆಗಾಯಿಮ್‌ಳ ಮನಸ್ಸು. ಡಬ್ಬದ ಒಂದೊಂದೇ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲವೂ ಹೊಸವೇ. ಹಾಗಾದರೆ ತಪ್ಪು ಯಾರದು? ತನ್ನದೇ? ಕೊಡುವಾಗ ಅದಲುಬದಲಾಯಿತೇ? ಹಾಗಿದ್ದರೆ ಅಜ್ಜಿಯರನ್ನು ಇಟ್ಟುಕೊಳ್ಳಲು ತನಗೇ ಯೋಗ್ಯತೆ ಇಲ್ಲ...

ಮರುದಿನ ಡೇರೆಯ ಬಾಗಿಲಲ್ಲಿ ನೆರಳು ಬಿತ್ತು. ತಿಲೆಕ್!

"ಹೇಳಿ ಹೋಗೋಣ ಅಂತ ಬಂದೆ. ನಾಳೆ ಬಸ್ ಜೊತೆ ನಾನೂ..." ಎಂದವನು ಬಾಗಿಲ ಕಂಬ ಹಿಡಿದ. ಕಂಬ ಕೈಗೆ ಸಿಗಲಿಲ್ಲ. ಅಷ್ಟೆತ್ತರದ ಆಳು ನೇರವಾಗಿ ಅವಳ ಮೇಲೆಯೇ ವಾಲಿದ!

"ತಿಲೆಕ್! ಏಯ್... ಕಣ್ಣು ಬಿಡಿ!"

ಹೇಗೋ ಮಂಚಕ್ಕೆಳೆದು ಮಲಗಿಸಿದಳು. ತೋಳಿಗೆ ಪಟ್ಟಿ ಸುತ್ತಿದಳು. ಯಂತ್ರದ ಮುಳ್ಳು ಕೆಳಗೆ ಇಳಿಯಿತು... ಇನ್ನೂ ಇಳಿಯಿತು. ಅಜ್ಜಿಯರಿಗೆ ಆದದ್ದೇ!

ಆದರೆ ಇವನಿಗೆ ಯಾವ ಕಾಯಿಲೆಯೂ ಇಲ್ಲ. ಇವನಿಗೆ ಅವಳು ಒಂದು ಮಾತ್ರೆಯನ್ನೂ ಕೊಟ್ಟಿಲ್ಲ.

ಅವನು ಕಣ್ಣು ಬಿಟ್ಟಾಗ ಅವಳ ಮುಖ ತೀರಾ ಹತ್ತಿರವಿತ್ತು.

"ಏನು ತಿಂದ್ರಿ? ಬೇಗ ಹೇಳಿ!"

"ಏನಿಲ್ಲ... ಬೆಳಿಗ್ಗೆಯಿಂದ ಹಸಿವಿರ್ಲಿಲ್ಲ. ಅಜ್ಜಿಯರ ಗುಡಾರಕ್ಕೆ ಹೇಳಿ ಹೋಗೋಕೆ ಹೋದೆ. ಚಹಾ ಕೊಟ್ರು. ಒಂದು ಚೂರು ರೊಟ್ಟಿ. ಆಮೇಲೆ ಬಿಳೀದು ಎರಡು, ಗುಲಾಬೀದು ಒಂದು."

"ಬಿಳೀದು... ಏನು?"

"ಮಾತ್ರೆ."

"ಮಾತ್ರೆನಾ?!"

"ಬಟ್ಟಲಲ್ಲಿ ಇಟ್ಟಿದ್ರು. ಜಾಮಿನ ಪಕ್ಕ. ಕಾನಿಶಾ ಅಪಾ ತಾವೇ ಕೈಗೆ ಹಾಕಿದ್ರು. ಊಟದ ಹಾಸಿನ ಮುಂದೆ ಕೂತು ಬೇಡ ಅನ್ನೋಕಾಗತ್ತಾ? ರೊಟ್ಟಿ ಮುರಿದ ಮೇಲೆ ಕೊಟ್ಟಿದ್ದೆಲ್ಲ ತಿನ್ಬೇಕಲ್ವಾ..."

ಬೆಗಾಯಿಮ್ ಉಪ್ಪಿನ ಸಾರನ್ನು ಅವನ ಕೈಗಿಟ್ಟಳು.   ಆಮೇಲೆ ಗುಡಾರದ ಕಡೆ ಓಡಿದಳು.

* * *

ಹೂವಿನ ಚಿತ್ರದ ಪಿಂಗಾಣಿ ಬಟ್ಟಲು, ಊಟಕ್ಕೆಂದು ನೆಲದ ಮೇಲೆ ಹರಡಿದ ಹಾಸಿನ ನಟ್ಟನಡುವೆ. ಒಣದ್ರಾಕ್ಷಿಯ ಪಕ್ಕ, ಬೆಣ್ಣೆಯ ಮುಂದೆ. ಬಿಳಿ, ಗುಲಾಬಿ, ಹಳದಿ... ಇಡೀ ಊರಿನ ರಕ್ತದೊತ್ತಡ ಅದರಲ್ಲಿ ತುಂಬಿತ್ತು.

"ಬಾ ಮಗಳೇ, ಕೂತ್ಕೋ," ಎಂದರು ಕಾನಿಶಾ ಅಜ್ಜಿ. "ಬಿಳೀದು ತಗೋ, ಚೆನ್ನಾಗಿದೆ. ಹಳದೀದು ಸ್ವಲ್ಪ ಕಹಿ."

"ಅಪಾ! ಅವರವರ ಮಾತ್ರೆ ಅವರವರೇ ತಗೋಬೇಕು ಅಂತ ಹೇಳಿರ್ಲಿಲ್ವಾ?"

"ನೀನು ಹೇಳಿದ್ದೆ. ಮನೇಲಿದ್ದಾಗ ಹಾಗೇ ತಗೋತಿದ್ವಮ್ಮ, ನಮ್ಮ ನಮ್ಮ ಗೋಡೆ ಹಿಂದೆ. ಈಗ ಎಲ್ರೂ ಒಂದೇ ಹಾಸಿನ ಸುತ್ತ ಕೂತಿದ್ದೀವಿ. ಬುರುಲ್ಚಾ ಎದುರಿಗೆ ಕೂತು ನೋಡ್ತಿರ್ತಾಳೆ, ನಾನೊಬ್ಬಳೇ ಬಾಯಿಗೆ ಹಾಕ್ಕೊಳ್ಳೋದಾ? ಅಷ್ಟು ಗತಿಗೆಟ್ಟಿಲ್ಲ ನಾನು!"

"ನಾನೂ ನನ್ನದು ಹಾಕ್ದೆ," ಎಂದರು ಬುರುಲ್ಚಾ ಅಜ್ಜಿ ಹೆಮ್ಮೆಯಿಂದ. "ನನ್ನದು ಜಾಸ್ತಿ ಇತ್ತು."

ಬೆಗಾಯಿಮ್ ಅಲ್ಲೇ ಕೂತುಬಿಟ್ಟಳು. ಡಬ್ಬದ್ದಲ್ಲ ತಪ್ಪು. ತಿಲೆಕ್‌ನದಂತೂ ಅಲ್ಲವೇ ಅಲ್ಲ. ಭೂಕಂಪ ಗೋಡೆ ಬೀಳಿಸಿತು. ಎಲ್ಲರನ್ನೂ ಒಂದೇ ಹಾಸಿನ ಸುತ್ತ ತಂದು ಕೂರಿಸಿದವಳು ತಾನು!

ಬಟ್ಟಲು ಎತ್ತಿಕೊಂಡು ಡೇರೆಗೆ ವಾಪಸ್ಸಾದಳು. ತಿಲೆಕ್ ಸಾರು ಕುಡಿಯುತ್ತಿದ್ದ.

"ನಾನು... ಎಲ್ಲರ ಮುಂದೆ... ಅಂಥ ಮಾತು ಅಂದೆ. ಕ್ಷಮಿಸಿ."

"ಮನಸ್ಸಿಗೆ ಹತ್ತಿತ್ತು," ಎಂದ ಅವನು ಸರಳವಾಗಿ. "ಆದ್ರೆ ಮೂರು ಜನ ಕಣ್ಣ ಮುಂದೆ ಬಿದ್ದಾಗ ಯಾರ ಮೇಲಾದ್ರೂ ಕೂಗ್ಲೇಬೇಕಲ್ಲ. ಹತ್ತಿರ ಇದ್ದೋನು ನಾನು."

 ಇವನು ಬೈದಿದ್ದರೇ ಚೆನ್ನಾಗಿತ್ತು!

"ನಾಳೆ ಬಸ್ ಬರತ್ತೆ. ನಡೆದಿದ್ದು ನಡೆದ ಹಾಗೇ ಹೇಳ್ಬೇಕು ನೀವು. ನಾನು ಬೇಡ ಅನ್ನಲ್ಲ. ಅಜ್ಜಿಯರಿಗೆ ಏನಂತ ಹೇಳ್ಲಿ? ಹಂಚಬೇಡಿ ಅಂದ್ರೆ ನನ್ನನ್ನೇ ಜಿಪುಣಿ ಅಂತಾರೆ."

"ಹಂಚಬೇಡಿ ಅನ್ಬೇಡಿ. ನೀವೇ ಹಂಚಿ."

"ಅಂದ್ರೆ?"

"ಕುರಿ ಕೊಯ್ದಾಗ ಏನ್ಮಾಡ್ತೀವಿ? ತಲೆ ಹಿರಿಯ ತಾತನಿಗೆ, ಸೊಂಟದ ಮೂಳೆ ಹಿರಿಯ ಅಜ್ಜಿಗೆ. ಮನೆಯವರು ಯಾರ ಮುಂದೆ ಯಾವ ಮೂಳೆ ಇಟ್ರೋ ಅದು ಅವರ ಮರ್ಯಾದೆ. ಪಕ್ಕದವರ ತಟ್ಟೆಗೆ ಯಾರಾದ್ರೂ ಕೈ ಹಾಕ್ತಾರಾ?"

ಅವಳು ಅವನನ್ನೇ ನೋಡಿದಳು. ಮೊದಲ ಸಲ ನಕ್ಕಳು.

ಆ ಸಂಜೆಯೇ ದವಾಖಾನೆಯ ಡೇರೆಯಲ್ಲಿ ಹಾಸು ಹಾಸಲಾಯಿತು. ಬೆಗಾಯಿಮ್ ಮನೆಯೊಡತಿ, ಹಿರಿಯರೆಲ್ಲ ಅತಿಥಿಗಳು. ವಯಸ್ಸಿನ ಕ್ರಮದಲ್ಲಿ ಒಬ್ಬೊಬ್ಬರ ಮುಂದೆಯೂ ತಟ್ಟೆ, ತಟ್ಟೆಯಲ್ಲಿ ಅವರ ಪಾಲು. "ಅಪಾ, ಇದು ನಿಮ್ಮ ಪಾಲು." ಒಂದು ಕೈಯೂ ಪಕ್ಕಕ್ಕೆ ಹೋಗಲಿಲ್ಲ! ಒಂದೇ ಒಂದು ತಕರಾರು ಎದ್ದಿತು.

"ನಾನು ಬುರುಲ್ಚಾಗಿಂತ ದೊಡ್ಡೋಳು. ಅವಳಿಗೆ ಮೂರು, ನನಗೆ ಎರಡೇನಾ?"

ಕಾನಿಶಾ ಅಜ್ಜಿಯ ಘನತೆಗೆ ಕುಂದು ಬಾರದಂತೆ ಬೆಗಾಯಿಮ್ ಒಂದು ವಿಟಮಿನ್ ಮಾತ್ರೆ ಸೇರಿಸಿದಳು.

ಹೊರಗೆ ತಿಲೆಕ್ ಮೇಲಿನವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಯಾರು ಬಿದ್ದರು, ಯಾಕೆ ಬಿದ್ದರು, ಈಗ ಹೇಗಿದ್ದಾರೆ, ಒಂದನ್ನೂ ಮುಚ್ಚಿಡಲಿಲ್ಲ. ಬಿರುಕು ಬಿಡದ ಶಾಲೆಯ ಕಟ್ಟಡಕ್ಕೆ ಒಲೆ ಹಾಕಿಸಿದರೆ ಚಳಿಗಾಲ ಕಳೆಯಬಹುದೆಂದೂ ಹೇಳಿದ. ಆ ಕಡೆಯವರು ಏನೋ ಕೇಳಿದರು. ಅವನು ಡೇರೆಯತ್ತ ತಿರುಗಿ ನೋಡಿ, "ಜವಾಬ್ದಾರಿ ನಂದೇ. ನಾನೇ ಇಲ್ಲಿರ್ತೀನಿ," ಎಂದ.

* * *

ಮೇಲಿನವರು ಒಪ್ಪಿದ್ದರು, ಶನಿವಾರ ಬಸ್ ಖಾಲಿ ಬಂದು ಖಾಲಿ ಹೋಗಬೇಕಿತ್ತು. ಖಾಲಿ ಬರಲಿಲ್ಲ. ಅದರಿಂದ ಬಿಳಿ ಶಾಲು ಹೊದ್ದ ಒಬ್ಬ ಹೆಂಗಸು ಇಳಿದರು.

"ಅಮ್ಮಾ? ನೀನೇನು ಇಲ್ಲಿ?" ತಿಲೆಕ್ ಕಣ್ಣು ಕಣ್ಣು ಬಿಟ್ಟ.

"ಜುಮಾಡಿಲ್ ಅನ್ನೋ ಹಿರಿಯರು ಫೋನ್ ಮಾಡಿದ್ರು. ಹುಡುಗಿ ಸಿದ್ಧ, ಕುರಿ ಸಿದ್ಧ, ಓಲೆ ತನ್ನಿ ಅಂದ್ರು."

ಇಲ್ಲಿ ಹುಡುಗನ ತಾಯಿ ಹುಡುಗಿಯ ಕಿವಿಗೆ ಓಲೆ ಇಟ್ಟರೆ ಮುಗಿಯಿತು, ಸಂಬಂಧ ಗಟ್ಟಿ. ಹಿರಿಯರು ಎಲ್ಲವನ್ನೂ ಯೋಚಿಸಿದ್ದರು. ಚಳಿಗಾಲವಿಡೀ ಹುಡುಗ ಇಲ್ಲಿ, ಹುಡುಗಿ ಇಲ್ಲಿ. ಹುಡುಗನನ್ನೂ ಹುಡುಗಿಯನ್ನೂ ಕೇಳುವುದೊಂದನ್ನು ಬಿಟ್ಟು ಬೇರೇನೂ ಮರೆತಿರಲಿಲ್ಲ.

"ನನ್ನನ್ನ ಯಾರು ಕೇಳಿದ್ರು?" ಎಂದಳು ಬೆಗಾಯಿಮ್ ಕೆಂಪಾಗಿ.

"ನನ್ನನ್ನೂ ಯಾರೂ ಕೇಳಿಲ್ಲ!" ಎಂದ ತಿಲೆಕ್, ಅವಳಿಗಿಂತ ಕೆಂಪಾಗಿ. ಆಮೇಲೆ ಮೆಲ್ಲಗೆ, "ನಾನು ಕೇಳ್ಬೇಕು ಅಂತಿದ್ದೆ. ಮೊದ್ಲು ಒಲೆ ಹಾಕಿಸಿ ಆಮೇಲೆ ಅಂತ... ಕೇಳ್ಲಾ?"

ಅಜ್ಜಿಯರು ಉಸಿರು ಬಿಗಿಹಿಡಿದರು. ಅವರ ಒತ್ತಡಕ್ಕೆ ಅದು ಒಳ್ಳೆಯದಲ್ಲ. ಅದಕ್ಕೇ ಬೆಗಾಯಿಮ್ ತಡಮಾಡಲಿಲ್ಲ.

"ಹೂಂ," ಎಂದಳು.

ಎಲ್ಲರೂ ಅಜ್ಜಿಯರ ಗುಡಾರದೊಳಗೆ ಕೂತ ಮೇಲೆ ತಾಯಿ ಕಣ್ಣೊರೆಸಿಕೊಂಡು ಕರವಸ್ತ್ರ ಬಿಚ್ಚಿದರು. ಭಾರವಾದ ಬೆಳ್ಳಿಯ ಓಲೆ. ಬೆಗಾಯಿಮ್‌ಳ ತಲೆವಸ್ತ್ರ ಸರಿಸಿ ಕಿವಿ ಹಿಡಿದರು. ಒಂದು ಕಿವಿ ನೋಡಿದರು. ಇನ್ನೊಂದು ಕಿವಿ ನೋಡಿದರು.

"ತೂತೇ ಇಲ್ವಲ್ಲ!"

ಗುಡಾರದ ತುಂಬ ಗದ್ದಲ. ಎಲ್ಲರೂ ಒಟ್ಟಿಗೆ ಮಾತಾಡಿದರು.

"ದಾರ ಕಟ್ಟಿ ತೂಗುಹಾಕಿ!" ಎಂದರು ಸೋನುನ್ ಅಜ್ಜಿ.

"ಕಿವಿಗೆ ಇಡ್ಲಿಲ್ಲ ಅಂದ್ರೆ ಲೆಕ್ಕಕ್ಕಿಲ್ಲ," ಎಂದು ತೀರ್ಪಿತ್ತರು ಕಾನಿಶಾ ಅಜ್ಜಿ. "ಈಗಲೇ ಚುಚ್ಚಿಬಿಡಿ!"

"ಈಗ ಚುಚ್ಚಿದ್ರೂ ಗಾಯ ಮಾಗೋಕೆ ವಾರಗಟ್ಟಲೆ ಬೇಕು. ಅದಕ್ಕೆ ಮುಂಚೆ ಇಷ್ಟು ಭಾರ ಹಾಕಿದ್ರೆ ಕೀವಾಗತ್ತೆ," ಎಂದಳು ಬೆಗಾಯಿಮ್. ಫೆಲ್ಡ್‌ಶರ್ ಹೇಳಿದ ಮೇಲೆ ಮುಗಿಯಿತು. ಹೊರಗೆ ಬಸ್ಸಿನವನು ಹಾರನ್ ಒತ್ತುತ್ತಿದ್ದ. ತಾಯಿ ನಿಟ್ಟುಸಿರು ಬಿಟ್ಟು ಓಲೆಯನ್ನು ಮತ್ತೆ ಕರವಸ್ತ್ರಕ್ಕೆ ಸುತ್ತಿದರು. ನಿಶ್ಚಿತಾರ್ಥ ಮುಂದಕ್ಕೆ ಹೋಯಿತು. ಕುರಿ ಮಾತ್ರ ಆಗಲೇ ಬೆಂದಿತ್ತು.

ಬಸ್ ಹೊರಟ ಮೇಲೆ ಇಬ್ಬರೂ ದಾರಿಯಲ್ಲಿ ನಿಂತರು.

"ಚಿಕ್ಕೋಳಿದ್ದಾಗ ಯಾಕೆ ಚುಚ್ಚಿಸ್ಲಿಲ್ಲ?"

"ನಗಬಾರದು."

"ನಗಲ್ಲ."

"ಸೂಜಿ ಅಂದ್ರೆ ಭಯ."

ಅವನು ನಕ್ಕ. "ಇಡೀ ಊರಿಗೆ ಚುಚ್ಚೋಳು ನೀವು!"

"ಚುಚ್ಚೋದು ಬೇರೆ, ಚುಚ್ಚಿಸ್ಕೊಳ್ಳೋದು ಬೇರೆ... ನಗಲ್ಲ ಅಂದ್ರಿ!"

"ಹಾಗಾದ್ರೆ ಅಮ್ಮನಿಗೆ ಫೋನ್ ಮಾಡಿ ಬೇಡ ಅಂದ್ಬಿಡ್ಲಾ?"

"ಯಾವ್ದು ಬೇಡ ಅಂತ?" ಅವಳು ಥಟ್ಟನೆ ತಿರುಗಿದಳು.

"ಓಲೆ."

 ಬೆಗಾಯಿಮ್ ಅವನ ತೋಳಿಗೆ, ಬಿ.ಪಿ. ಪಟ್ಟಿ ಸುತ್ತಿದ್ದ ಜಾಗಕ್ಕೇ, ಮೆಲ್ಲಗೆ ಕೈ ಹಾಕಿದಳು.

"ಬೇಡ ಅನ್ಬೇಡ. ಚುಚ್ಚಿಸ್ಕೋತೀನಿ. ಚುಚ್ಚುವಾಗ ನೀನು ಕೈ ಹಿಡ್ಕೊಂಡಿರ್ಬೇಕು, ಅಷ್ಟೇ."

"ಮಾಗೋವರೆಗೂ?"

"ಮಾಗಿದ ಮೇಲೂ... ಬಿಡೋಕೆ ಹೇಳಿದ್ದು ಯಾರು?"