ಮೌನೇಶನ ಕೈ
ಈ ಅಂಗಿಯನ್ನು ಯಾರಿಗೆ ಬೇಕಾದರೂ ತೋರಿಸುತ್ತೇನೆ. ಹೊಸಪೇಟೆಯ ಗ್ಯಾರೇಜಿನಲ್ಲಿ ಹಳೇ ಕಾರುಗಳ ಬೀಡು ಕಬ್ಬಿಣದ ಭಾಗಗಳನ್ನು ಉಜ್ಜಿ, ಎರಕದಿಂದ ಈಗಷ್ಟೇ ಬಂದಂಥ ಬರಿಮೈ ಬೂದುಬಣ್ಣ ತರಿಸುವುದು ನನ್ನ ಕೆಲಸ. ಮೊದಲು ಅದನ್ನು ಮಾಡುತ್ತಿದ್ದವನು ಮೌನೇಶ. ಅವನಿಗೆ ಎಡಗೈ ಕಿರುಬೆರಳು ಇರಲಿಲ್ಲ. ಅವನು ಸತ್ತು ವರ್ಷವಾದರೂ ಮಾಲೀಕ ಹುಸೇನಪ್ಪನ ಬಾಯಲ್ಲಿ ಅವನದೇ ಹೆಸರು.

“ಏನರ ಮಾಡಲೇ, ಮೌನೇಶನ ಕೈ ನಿನಗ ಬರಂಗಿಲ್ಲ.”

ಅವನ ಬೆನ್ನು ತಟ್ಟುತ್ತಿದ್ದ ಹುಸೇನಪ್ಪ ನನ್ನ ಬೆನ್ನು ಒಮ್ಮೆಯೂ ತಟ್ಟಲಿಲ್ಲ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ನಾನು ಪಟ್ಟೆ.

ಒಂದು ದಿನ ಸಂಡೂರಿನ ಕಾರೊಂದರ ಮ್ಯಾನಿಫೋಲ್ಡ್, ಎಂಜಿನ್ನಿನ ಹೊಗೆ ಸಾಗುವ ಬೀಡಿನ ಕೊಳವೆ, ಬಂತು. ಬರಿಗೈ ತಾಗಿದರೆ ಬೆವರಿಗೆ ತುಕ್ಕೇಳುತ್ತದೆಂದು ಗ್ಲೌಸ್ ಹಾಕಿಯೇ ಉಜ್ಜಿದೆ. ಊಟ ಮುಗಿಸಿ ಬಂದರೆ ಅದರ ಮೇಲೆ ತುಕ್ಕಿನ ಕೈಗುರುತು, ಕಿರುಬೆರಳಿಲ್ಲದ್ದು. ಉಜ್ಜಿ ತೆಗೆದು ತಿರುಗುವಷ್ಟರಲ್ಲಿ ಮತ್ತೆ ಅಲ್ಲೇ. ಮುಟ್ಟಿದರೆ, ಯಾರೋ ಹಿಡಿದುಕೊಂಡಿದ್ದಂತೆ ಗ್ಲೌಸಿನೊಳಗೂ ಬೆಚ್ಚಗಾಯಿತು.

“ಹೋಗಲೇ, ಇದು ನಂದು!” ಎಂದು ಒದರಿ ಸಂಜೆತನಕ ಉಜ್ಜಿದೆ. ಗುರುತು ಹೋಯಿತು.

ಹುಸೇನಪ್ಪ ನೋಡಿ, “ಭಾಳ ಮಸ್ತ್ ಬಂದೈತಿ, ಥೇಟ್ ಮೌನೇಶನ ಕೈ” ಅಂದ. ನನ್ನನ್ನು ಮುಟ್ಟದೆ ಹೊರಟುಹೋದ.

ಮನೆಗೆ ಬಂದಾಗ ಅವ್ವ ಕೇಳಿದಳು: “ಬೆನ್ನ ಮ್ಯಾಲ ಯಾರು ಕೈ ಇಟ್ಟಾರೋ?”

ಅಂಗಿ ಬಿಚ್ಚಿ ನೋಡಿದೆ. ತುಕ್ಕಿನ ಗುರುತು, ನಾಲ್ಕೇ ಬೆರಳು. ಎಷ್ಟು ಒಗೆದರೂ ಹೋಗಿಲ್ಲ.