ಎಂಟು ತೂತಿನ ಮುಚ್ಚಳ

ಹದಿನೆಂಟು ವರ್ಷ ನೀರಿನ ಕೊಳವೆ ಜೋಡಿಸಿದ ಗಂಗಾಧರಯ್ಯನಿಗೆ ಬರಬೇಕಾಗಿದ್ದ ಮೇಸ್ತ್ರಿ ಕೆಲಸ, ಅವನೇ ಸ್ಪ್ಯಾನರ್ ಹಿಡಿಯಲು ಕಲಿಸಿದ ಬೋರಣ್ಣನಿಗೆ ಹೋಯಿತು. ಅಂದಿನಿಂದ ಗಂಗಾಧರಯ್ಯನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಜಯನಗರದ ಹೊಸ ಬಡಾವಣೆಗೆ ಹಾಕಿದ್ದ ಆರಂಗುಲದ ಕೊಳವೆಗೆ ದಸರಾ ಕಳೆದ ಮಾರನೆಯ ಬೆಳಿಗ್ಗೆ ಒತ್ತಡದ ಪರೀಕ್ಷೆಯಿತ್ತು. ಕೊಳವೆಯ ಕೊನೆಯ ಬಾಯಿಗೆ ಬೋರಣ್ಣ ಇನ್ನೂರು ಪೌಂಡು ಒತ್ತಡ ತಡೆಯುವ, ಬೋಲ್ಟು ಹಾಕಿ ಕೂರಿಸುವ ಫ್ಲೇಂಜ್ ಮುಚ್ಚಳವನ್ನು ತನ್ನ ಕೈಯಾರೆ ಬಿಗಿದಿದ್ದ. ನೂರು ಪೌಂಡಿನ ಮುಚ್ಚಳಕ್ಕೂ ಅದೇ ಅಗಲ, ಅದೇ ಎಂಟು ತೂತು. ದಪ್ಪ ಮಾತ್ರ ಕಮ್ಮಿ, ತೂತು ಒಂದು ನೂಲಿನಷ್ಟು ಸಣ್ಣ. ಗಂಗಾಧರಯ್ಯ ಅಂಥದೊಂದು ಹಳೆಯ ಬೀಡುಕಬ್ಬಿಣದ ಮುಚ್ಚಳವನ್ನು ಗುಜರಿಯಲ್ಲಿ ಹುಡುಕಿದ, ತೂತುಗಳನ್ನು ಅರದಿಂದ ಉಜ್ಜಿ ಹಿಗ್ಗಿಸಿದ, ಟಾರು ಬಳಿದ. ಬದಲಿಸಿಟ್ಟ ಮುಚ್ಚಳ ಪರೀಕ್ಷೆಯಲ್ಲಿ ಒಡೆದರೆ ತಪ್ಪು ಬಿಗಿದವನದು, ಬೋರಣ್ಣನದು.

ವಿಜಯದಶಮಿಯ ದಿನ ಎಲ್ಲರಿಗೂ ರಜೆ. ಕಾವಲಿಗೆ ತಾನಿರುತ್ತೇನೆಂದ.

"ಏನಣ್ಣ, ಹಬ್ಬದ ದಿನಾನೂ ಅತ್ತಿಗೆ ಮನೆಯಿಂದ ಆಚೆಗ್ ಹಾಕ್ಬಿಟ್ರಾ?" ಬೋರಣ್ಣ ನಕ್ಕಿದ್ದ.

ನಡುಮಧ್ಯಾಹ್ನ ಗಂಗಾಧರಯ್ಯ ಕೊಳವೆಯ ಕೊನೆಯ ಗುಂಡಿಗಿಳಿದ. ಕೈ ಬೋಲ್ಟಿನ ಮೇಲೆ, ಕಣ್ಣೆಲ್ಲ ರಸ್ತೆಯ ಮೇಲೆ. ಒಂದು ಸೈಕಲ್ ಗಂಟೆ ಕೇಳಿ ಗುಂಡಿಯ ಗೋಡೆಗೆ ಅವಿತುಕೊಂಡ. ಗುಜರಿಯ ಮುಚ್ಚಳ ಬಿಗಿದು, ಬಿಚ್ಚಿದ ಮುಚ್ಚಳವನ್ನು ತಿರುಗಿಸಿಯೂ ನೋಡದೆ ಗೋಣಿಗೆ ತುರುಕಿ ಕೆರೆಗೆ ಎಸೆದ.

ಪರೀಕ್ಷೆಯ ದಿನ ಪಂಪು ಒತ್ತುತ್ತಿದ್ದಂತೆ ಮಾಪಕದ ಮುಳ್ಳು ನೂರು ದಾಟಿತು, ನೂರೈವತ್ತು ದಾಟಿತು. ಆಗ ಬೋರಣ್ಣ ನೀರು ಜಿನುಗುತ್ತಿದೆಯೇ ಎಂದು ಮುಟ್ಟಿ ನೋಡಲು ಗುಂಡಿಗೇ ಇಳಿದ. ಇದು ಗಂಗಾಧರಯ್ಯನ ಲೆಕ್ಕದಲ್ಲಿರಲಿಲ್ಲ. ಕೂಗಬೇಕು, ಕೂಗಿದರೆ ತಾನೇ ಸಿಕ್ಕಿಬೀಳುತ್ತಾನೆ. ಒಂದು ಹೆಜ್ಜೆ ಹಿಂದೆ ಸರಿದ. ಫಟಾರೆಂದು ಮುಚ್ಚಳ ಸಿಡಿಯಿತು. ಚೂರೊಂದು ಬೋರಣ್ಣನ ಮೊಣಕಾಲನ್ನು ಸೀಳಿಕೊಂಡು ಹೋಯಿತು.

ಇಂಜಿನಿಯರ್ ಅನಂತಪದ್ಮನಾಭ ಚೂರುಗಳನ್ನು ಕೂಡಿಸಿ ನೋಡಿ ಬೋರಣ್ಣನನ್ನು ಗದರಿದರು. "ನೂರು ಪೌಂಡಿಂದು ಹಾಕಿದ್ದೀಯಲ್ಲಯ್ಯ! ನಾಳೆಯಿಂದ ಬರಬೇಡ."

ಗಂಗಾಧರಯ್ಯನಿಗೆ ಉಸಿರು ಬಂತು.

"ಬುದ್ಧೀ, ಇದು ನಮ್ ಮುಚ್ಚಳ ಅಲ್ಲ," ಎಂದಳು ಮಣ್ಣು ಹೊರುವ ಮುನಿವೆಂಕಟಮ್ಮ, ಬೋರಣ್ಣನ ಕಾಲಿಗೆ ಬಟ್ಟೆ ಸುತ್ತುತ್ತಲೇ. "ಆಯುಧಪೂಜೆಲಿ ಒಂದೊಂದು ಫ್ಲೇಂಜಿಗೂ ಈ ಮುಚ್ಚಳಕ್ಕೂ ನಾನೇ ಮೂರ್ ಮೂರ್ ಬೊಟ್ಟು ಸಿಂಧೂರ ಇಟ್ಟಿವ್ನಿ. ಎಣ್ಣೇಲಿ ಕಲಸಿದ್ದು, ನೀರ್ಗೆ ಹೋಗಾಕಿಲ್ಲ. ಇದ್ರಾಗೆ ಎಲ್ಲೈತೆ?" ಕೊಳವೆಯುದ್ದಕ್ಕೂ ಪ್ರತಿ ಜೋಡಣೆಯ ಫ್ಲೇಂಜಿನ ಮೇಲೂ ಕೆಂಪು ಬೊಟ್ಟುಗಳಿದ್ದವು. ಪೂಜೆಯಾದ ಮೇಲೆ ಅಲ್ಲಿ ಕಾವಲಿಗೆ ಇದ್ದವನು ಒಬ್ಬನೇ. ಇಂಜಿನಿಯರ್ ಅವನತ್ತ ತಿರುಗಿದರು. ಬೊಟ್ಟಿನ ಸಂಗತಿಯೇ ಅವನಿಗೆ ತಿಳಿದಿರಲಿಲ್ಲ. ಬೋರಣ್ಣ ಮೇಸ್ತ್ರಿಯಾಗಿ ಕುಂಬಳಕಾಯಿ ಒಡೆಯುವುದನ್ನು ನೋಡಲಾರದೆ, ಗಂಗಾಧರಯ್ಯ ಪೂಜೆಯ ದಿನ ಮನೆಯಲ್ಲೇ ಮುಸುಕೆಳೆದು ಮಲಗಿದ್ದ.